ಕಡ್ಡಿ ಎಣ್ಣೆಯಾದ ದಿನ

ಭೀಮನಬೀಡಿನ ಮಾದೇಶನ ಫಜೀತಿಗೆಲ್ಲ ಒಂದು ಬೆಂಕಿಪೊಟ್ಟಣವೇ ಕಾರಣ. ಮುಸುಕಿನ ಜೋಳ ಮುರಿದಾದ ಮೇಲೆ ಹೊಲದಲ್ಲಿ ಉಳಿದ ಕಡ್ಡಿಗೆ ಬೆಂಕಿಯಿಡಲು ಹೊರಟಿದ್ದ. ಹೆಂಡತಿ ರೂಪಶ್ರೀ ಪೊಟ್ಟಣ ಕಿತ್ತುಕೊಂಡಳು.

"ಓದ್ಸಲ ನಿಮ್ಮ ಹೊಗೇಲಿ ಪಕ್ಕದ್ಮನೆ ಪುಟ್ಟಮಲ್ಲಮ್ಮತ್ತೆ ವಾರಗಟ್ಲೆ ಕೆಮ್ಮುದ್ರು. ಈ ಸಲ ಸುಟ್ರೆ ನಾನು ತೌರಿಗೆ ಓಯ್ತೀನಿ!"

"ನಾಳೆ ಬೆಳಗ್ಗೆ ಚೆಂಡುಹೂವಿನ ಪೈರು ನಾಟ್ಬೇಕು ಕಣಮ್ಮಿ. ಹೊಲ ಖಾಲಿಯಾಗ್ದಿದ್ರೆ ಪೈರು ಟ್ರೇ ಒಳ್ಗೇ ಒಣಗೋಯ್ತದೆ."

"ಗುಂಡ್ಲುಪೇಟೆ ತಾವ ಕಡ್ಡಿಯಿಂದ ಗಾಡಿಗೆ ಹಾಕೋ ಎಣ್ಣೆ ತೆಗೀತಾರಂತೆ. ಅಲ್ಲಿಗೆ ಸಾಗ್ಸಿ."

ಸುದ್ದಿ ಕೇಳಿದ್ದೇ ಅರ್ಧ ಬೀದಿ ಕುಡುಗೋಲು ಹಿಡಿದು ಬಂತು. ಯಾರೂ ಕೂಲಿ ಕೇಳಲಿಲ್ಲ. ಪುಟ್ಟಮಲ್ಲಮ್ಮ ಹಳೆಯ ಕೆಮ್ಮನ್ನು ಮರೆತು ಎಲ್ಲರಿಗೂ ಮಜ್ಜಿಗೆ ತಂದರು.

"ಮುಯ್ಯಿ ಕಣ್ಲಾ," ಎಂದ ಪಕ್ಕದ ಹೊಲದ ರಾಚಯ್ಯ. "ಇವತ್ತು ನಿನ್ಗೆ ನಾವು ದುಡೀತೀವಿ, ನಾಳೆ ನಮ್ಗೆ ನೀನು."

ಮಾದೇಶನ ಕಣ್ಣು ತುಂಬಿತು.

ಮಾದೇಶನ ಟ್ರ್ಯಾಕ್ಟರಿನ ಟ್ರೇಲರಿನ ಮೇಲೆ ಕಡ್ಡಿ ಗೋಪಾಲಸ್ವಾಮಿ ಬೆಟ್ಟದಂತೆ ಎದ್ದು ನಿಂತಿತು. ದಾರಿಯಲ್ಲಿ ರೋಡ್ ಹಂಪ್ ಹಾರಿದಾಗ ಒಂದು ಹೊರೆ ಜಾರಿ ಗೋವಿಂದಯ್ಯನವರ ಟೀ ಅಂಗಡಿಯನ್ನೇ ಮುಚ್ಚಿಬಿಟ್ಟಿತು. ಅವರು ತಲೆತುಂಬ ಜೋಳದ ಗರಿ ಸಿಕ್ಕಿಸಿಕೊಂಡು, ಬಾಸಿಂಗ ಕಟ್ಟಿದ ಮದುಮಗನಂತೆ ಹೊರಬಂದರು. ಬೈಯಲಿಲ್ಲ, ಹಗ್ಗ ಬಿಗಿದುಕೊಟ್ಟು, ಟೀ ಕುಡಿಸಿ ಕಳಿಸಿದರು.

ಕಾರ್ಖಾನೆಯ ತೂಕದ ಯಂತ್ರದ ಮುಂದೆ ಮಾದೇಶ ಪೆಚ್ಚಾದ. "ಇಷ್ಟೇನಾ?"

"ನೋಡೋಕೆ ಆನೆ, ತೂಕಕ್ಕೆ ಆಡು ಅಣ್ಣ," ಎಂದು ನಕ್ಕಳು ಅಲ್ಲಿನ ಇಂಜಿನಿಯರ್ ಶಿವಾನಿ. "ಒಬ್ಬೊಬ್ಬರೇ ತಂದರೆ ಲಾಭವನ್ನೆಲ್ಲ ಟ್ರ್ಯಾಕ್ಟರೇ ಕುಡಿದುಬಿಡುತ್ತೆ. ಊರಿನವರೆಲ್ಲ ಕೂಡಿ ತಂದರೆ ಗಿಟ್ಟುತ್ತೆ. ಅದರಲ್ಲೂ ಒಂದು ಪಾಲು ನೆಲಕ್ಕೆ ಬಿಡಿ. ಅದಕ್ಕೂ ಹೊಟ್ಟೆ ಇದೆಯಲ್ಲ?"

ಆಮೇಲೆ ಯಂತ್ರ ತೋರಿಸಿದಳು. ಒಂದು ಬಾಯಲ್ಲಿ ಕಡ್ಡಿ ಕರಕರ ಒಳಹೋಗುತ್ತಿತ್ತು. ಆ ತುದಿಯಲ್ಲಿ, ಬಾವಿಯ ನೀರಿನಷ್ಟು ತಿಳಿಯಾದ ಎಣ್ಣೆ ಹನಿಹನಿಯಾಗಿ ಬೀಳುತ್ತಿತ್ತು. ಮಾದೇಶ ತನಗೆ ಗೊತ್ತಿಲ್ಲದೆಯೇ ಚಪ್ಪಲಿ ಕಳಚಿ ಕೈಮುಗಿದ. ಅಪ್ಪ, ತಾತ ಎಲ್ಲರೂ ಬೂದಿ ಮಾಡಿದ್ದ ಕಡ್ಡಿಯೊಳಗೆ ಇದು ಸುಮ್ಮನೆ ಕೂತಿತ್ತೇ? ಅಲ್ಲಿಂದಲೇ ಊರಿನ ವಾಟ್ಸಾಪ್ ಗುಂಪಿಗೆ ಕೂಗಿ ಹೇಳಿದ:

"ಯಾರೂ ಸುಡಬ್ಯಾಡ್ರಪ್ಪೋ! ಎಲ್ರೂದೂ ಒಟ್ಟಿಗೆ ಸಾಗ್ಸನ!"

ಕಡ್ಡಿಗೆ ಬದಲಾಗಿ ಕಾರ್ಖಾನೆಯವರು ಒಂದು ಕ್ಯಾನ್ ಎಣ್ಣೆ ಕೊಟ್ಟರು. ಊರಿನ ಹತ್ತಿರ ಟ್ರ್ಯಾಕ್ಟರ್ ಡೀಸೆಲ್ ಮುಗಿದು ಗೊರಗುಟ್ಟಿ ನಿಂತಿತು. ಕ್ಯಾನನ್ನು ಅದರ ಹೊಟ್ಟೆಗೇ ಬಗ್ಗಿಸಬೇಕಾಯಿತು. ಹೋಗಲಿ, ಹೊಲವಾದರೂ ಖಾಲಿಯಾಯಿತಲ್ಲ ಎಂದುಕೊಂಡ.

ಹೊಲವೇ ಕಾಣಲಿಲ್ಲ. ಅದಿದ್ದ ಜಾಗದಲ್ಲಿ ಊರಿನ ಕಡ್ಡಿಯೆಲ್ಲ ಬೆಟ್ಟವಾಗಿ ನಿಂತಿತ್ತು. ಸಂಜೆ ಬಿಸಿಲಿಗೆ ಆ ಬೆಟ್ಟ ಚಿನ್ನದ ಹಾಗೆ ಹೊಳೆಯುತ್ತಿತ್ತು. ಮಾದೇಶ ಬಾಯಿ ತೆರೆದು ನೋಡಿಯೇ ನೋಡಿದ.

ರಾಚಯ್ಯ ಮೇಲಿಂದ ಜಾರಿಕೊಂಡು ಇಳಿದ. "ನಿನ್ ಮಾತ್ಗೆ ಒಬ್ರೂ ಬೆಂಕಿ ಇಕ್ನಿಲ್ಲ ಕಣ್ಲಾ! ನಿನ್ ಹೊಲ ರಸ್ತೆ ಪಕ್ಕ, ಖಾಲೀನೂ ಇತ್ತು. ನಾಳೆ ಬೆಳಗ್ಗಿಂದ ಸಾಗ್ಸುಬುಡು. ಮುಯ್ಯಿ ತೀರೋಯ್ತದೆ."

ರೂಪಶ್ರೀ ಪೈರಿನ ಟ್ರೇ ಹಿಡಿದು ನಿಂತಿದ್ದಳು. "ಇದ್ನ ಎಲ್ಲಿ ನಾಟನ?"

"ಮನೆ ಹಿತ್ಲಲ್ಲಿ..." ಎಂದ ಮಾದೇಶ, ಮೆಲ್ಲಗೆ.

ರಾಚಯ್ಯ ಪ್ರೀತಿಯಿಂದ ಅವನ ಬೆನ್ನು ತಟ್ಟಿದ.

"ಇಲ್ಲಿ ಜಾಗ ಸಾಲ್ನಿಲ್ಲ ಕಣ್ಲಾ. ಮಿಕ್ಕಿದ್ನ ನಿನ್ ಹಿತ್ಲಲ್ಲೇ ಇಳ್ಸಿದ್ದೀವಿ."