ವೀರಗಲ್ಲಿಗೆ ಬಾಯಿ ಬಂದ ದಿನ

ಪಕ್ಕದ ಟೀ ಅಂಗಡಿಯ ಪುಟ್ಟಬಸಪ್ಪ ನುಗ್ಗೆಕಾಯಿ ಕೀಳಲು ಎತ್ತಿದ ಬಿದಿರಿನ ಕೋಲು, ನುಗ್ಗೆಕಾಯಿ ಬಿಟ್ಟು ಇಂಟರ್‌ನೆಟ್ ವೈರನ್ನು ಕಿತ್ತಿತು. ಹನೂರಿನ ಪುಟ್ಟ ಮ್ಯೂಸಿಯಂನ ಗೈಡ್ ಪುಟ್ಟಸಿದ್ದಯ್ಯ ಹೊರಗೋಡಿ ಬಂದ.

ಅಲ್ಲಿನ ಆಳೆತ್ತರದ ವೀರಗಲ್ಲಿನ ಮುಂದೆ ಮೊನ್ನೆಯಷ್ಟೇ ಎಐ ಮಿಷನ್ ಕೂರಿಸಿದ್ದರು. ಪ್ರಶ್ನೆ ಕೇಳಿದರೆ ಕಲ್ಲಿನೊಳಗಿನ ವೀರನೇ ಉತ್ತರಿಸಿದಂತೆ ಅದು ಮಾತಾಡಬೇಕು. ಇವತ್ತು ಅದನ್ನು ಪರೀಕ್ಷಿಸಲು ಮೈಸೂರಿನಿಂದ ಅಧಿಕಾರಿ ಶಾಂತಮೂರ್ತಿ ಬರುವವರಿದ್ದರು. "ಮಿಷನ್ ಮಾತಾಡಲಿಲ್ಲ ಅಂದ್ರೆ ನಾಳೆಯಿಂದ ನೀನು ಬರೋದೇ ಬೇಡ" ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದರು.

"ಬಸಪ್ಪಣ್ಣ, ಬೇಗ ವೈರ್ ಸೇರುಸ್ಬುಡು. ನನ್ನ ಅನ್ನ ಓಯ್ತದೆ."

"ಸೇರುಸ್ತೀನಿ ಕಣ್ಲಾ. ಈ ಗಿರಾಕಿಗೆ ಟೀ ಕೊಟ್ಬುಡ್ತೀನಿ ತಡಿ."

ಅಷ್ಟರಲ್ಲಿ ಜೀಪು ಬಂತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂದುಕೊಂಡು ಪುಟ್ಟಸಿದ್ದಯ್ಯ ವೀರಗಲ್ಲಿನ ಹಿಂದೆ ನುಸುಳಿ ಕುಕ್ಕರಗಾಲಲ್ಲಿ ಕೂತ.

ಶಾಂತಮೂರ್ತಿಯವರ ಬೆನ್ನಿಗೇ ಶಾಗ್ಯದ ಚಾಮುಂಡಮ್ಮ ಒಳಬಂದಳು. ಸಂತೆಗೆ ಬಂದವಳು, ಕಲ್ಲು ಮಾತಾಡುತ್ತದಂತೆ ಎಂದು ಕೇಳಿ ನೋಡಿಯೇ ಹೋಗೋಣವೆಂದು ಬಂದಿದ್ದಳು.

"ಏನಾದ್ರೂ ಕೇಳಿ ಅಮ್ಮ" ಎಂದರು ಶಾಂತಮೂರ್ತಿ.

"ಊಟ ಆಯ್ತಾ ಮಗ?"

"ಎಲ್ಲಿ ಊಟ ಕಣವ್ವ, ಬೆಳಗ್ಗಿಂದ ಟೀನೂ ಕುಡ್ದಿಲ್ಲ" ಎಂದಿತು ಕಲ್ಲು.

"ಅಯ್ಯೋ ಪಾಪ. ಎಂಗ್ಲಾ ಸತ್ತೋದೆ?"

"ದನ ಒಡ್ಕಂಡೋಗಕ್ಕೆ ಕಳ್ರು ಬಂದ್ರು. ಓಡೋಗ್ಬೋದಾಗಿತ್ತು. ಊರೋರ ದನ ಬುಟ್ಬುಟ್ಟು ಎಂಗವ್ವ ಓಡ್ಲಿ?"

ಚಾಮುಂಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹಿಂದೆ ಕೂತವನ ಕಣ್ಣೂ ಮಂಜಾಯಿತು. ಹದಿನೈದು ವರ್ಷದಿಂದ ಬಾಯಿ ನೋಯುವಂತೆ ಇದೇ ಕತೆ ಹೇಳಿದ್ದ, ಪಾಪ. ಯಾರೂ ಇಷ್ಟು ಕಿವಿಗೊಟ್ಟು ಕೇಳಿರಲಿಲ್ಲ.

ಶಾಂತಮೂರ್ತಿ ಅಲ್ಲೇ ಮೇಲಧಿಕಾರಿಗೆ ಫೋನ್ ಹಚ್ಚಿದರು. "ಸಾರ್, ಮಿಷನ್ ಅದ್ಭುತವಾಗಿದೆ. ಈ ಕಡೆಯವರ ಮಾತನ್ನೇ ಆಡ್ತಿದೆ. ಇನ್ನು ಗೈಡ್ ಯಾಕೆ ಸಾರ್? ಆ ಪೋಸ್ಟ್ ತೆಗೆದುಬಿಡೋಣ."

ಪುಟ್ಟಸಿದ್ದಯ್ಯನಿಗೆ ಇನ್ನು ಕೂರಲಾಗಲಿಲ್ಲ. ತಲೆಯ ತುಂಬಾ ಜೇಡರಬಲೆ ಹೊತ್ತು ಎದ್ದು ಬಂದ.

"ಸಾ, ಮಿಷನ್ ಅಲ್ಲ ಸಾ. ಮಾತಾಡಿದ್ದು ನಾನು."

ಪುಟ್ಟಬಸಪ್ಪನಿಗೆ ಬಿಡುವಾಗಿದ್ದು ಆಗಲೇ. ವೈರು ಸೇರಿತು. ಮಿಷನ್ ಕಣ್ಣುಬಿಟ್ಟು ರೈಲ್ವೆ ಸ್ಟೇಷನ್ ದನಿಯಲ್ಲಿ, "ಕ್ಷಮಿಸಿ, ತಮ್ಮ ಪ್ರಶ್ನೆ ಅರ್ಥವಾಗಲಿಲ್ಲ" ಎಂದಿತು. ಚಾಮುಂಡಮ್ಮ ಮತ್ತೆ ಊಟದ ವಿಚಾರ ಕೇಳಿದಳು. ಮತ್ತೆ ಅದೇ ಕ್ಷಮಾಪಣೆ.

ಶಾಂತಮೂರ್ತಿ ಕೆಂಗಣ್ಣು ಬಿಟ್ಟರು. "ಇಷ್ಟೊತ್ತೂ ಚೆನ್ನಾಗಿತ್ತಲ್ಲಯ್ಯ. ಕೆಲಸ ಹೋಗುತ್ತೆ ಅಂತ ಹಿಂದೆ ಕೂತು ಯಾವ ವೈರ್ ಎಳೆದೆ?"

"ದೇವ್ರಾಣೆ ನಾನೇ ಸಾ ಮಾತಾಡಿದ್ದು. ಬೇಕಾದ್ರೆ ಈ ಅವ್ವನ್ನೇ ಕೇಳಿ."

ಚಾಮುಂಡಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನನ್ನೇನ್ಲಾ ಕೇಳದು? ಕಲ್ಲು ಮನುಸ್ರಂಗೆ ಮಾತಾಡ್ತಿತ್ತು. ನೀ ಬಂದೆ, ಕಲ್ಲಾಗೋಯ್ತು."