ಸಕ್ಕರೆ ಹುಡುಕುವ ಹೊತ್ತು

ನನ್ನ ಚಿಕ್ಕಮ್ಮ ಕಳ್ಳಿ. ಗಾಬರಿಯಾಗಬೇಡಿ, ಈ ಮಾತನ್ನು ಅವಳ ಎದುರಿಗೇ ಹೇಳಬಹುದು. ಬೇಜಾರು ಮಾಡಿಕೊಳ್ಳುವುದು ಹಾಗಿರಲಿ, ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದು ಯಾವುದನ್ನು ಯಾರ ಮನೆಯಿಂದ ಎತ್ತಿದ್ದು ಎಂದು ಒಂದೊಂದಾಗಿ ತೋರಿಸುತ್ತಾಳೆ. ಹಾಗೆ ತೋರಿಸುವಾಗ ಅವಳ ಮುಖ ನೋಡಬೇಕು. ಮಕ್ಕಳು ಗೆದ್ದ ಕಪ್ಪುಗಳನ್ನು ತೋರಿಸುವ ತಾಯಂದಿರ ಮುಖವೇ!

ಚಿಕ್ಕಮ್ಮ ಇರುವುದು ಕುಮಟಾದ ಹತ್ತಿರ ಹೊಳನಗದ್ದೆಯಲ್ಲಿ. ನಾನು ಇರುವುದು ಭಟ್ಕಳದಲ್ಲಿ. ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಅಲ್ಲಿಗೆ ಹೋಗುತ್ತೇನೆ, ಬರುವಾಗ ತಲೆಕೆಟ್ಟು ಬರುತ್ತೇನೆ. ಕಾರಣ, ಆ ಮನೆಯಲ್ಲಿ ಯಾವುದು ಏನು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅಂಗಡಿಯಿಂದ ತರುವ ಸೋಪು, ಪೇಸ್ಟು, ಫಿನಾಯಿಲ್ ಎಲ್ಲವನ್ನೂ ಅವಳು ಬಿಟ್ಟು ಬಹಳ ಕಾಲವಾಯಿತು. ಬಚ್ಚಲಲ್ಲಿ ಒಂದು ಸಾಲು ಬಾಟಲಿ, ಅಡುಗೆಮನೆಯಲ್ಲಿ ಇನ್ನೊಂದು ಸಾಲು. ಯಾವುದರ ಮೇಲೂ ಹೆಸರಿಲ್ಲ. ಅಂಟುವಾಳದ ನೀರೂ ಕಂದು, ಬೆಲ್ಲದ ಪಾನಕವೂ ಕಂದು, ನಿಂಬೆಸಿಪ್ಪೆ ಕೊಳೆಸಿದ ನೆಲ ಒರೆಸುವ ನೀರೂ ಕಂದು. ಬಾಯಾರಿದವರು ಏನು ಮಾಡಬೇಕು? ನಾನಂತೂ ಬಾವಿಯ ನೀರು ಕುಡಿಯುತ್ತೇನೆ.

ನನ್ನ ಗಂಡ ಅಷ್ಟು ಜಾಣರಲ್ಲ. ಮೊದಲ ಸಲ ಅಲ್ಲಿ ಉಳಿದಾಗ ಬೆಳಿಗ್ಗೆ ಎದ್ದು, ಬಚ್ಚಲ ಗೂಡಿನಲ್ಲಿದ್ದ ಕರಿ ಪುಡಿಯಿಂದ ಶ್ರದ್ಧೆಯಿಂದ ಹಲ್ಲುಜ್ಜಿದರು. ಹೊರಗೆ ಬಂದು, ಭತ್ತದ ಉಮಿಯ ಕರಿಯಲ್ಲಿ ಏನು ಗುಣವಿದೆ ನೋಡಿ, ನಮ್ಮ ಹಿರಿಯರು ದಡ್ಡರಲ್ಲ ಎಂದು ಒಂದು ಭಾಷಣವನ್ನೂ ಮಾಡಿದರು. ಚಿಕ್ಕಮ್ಮ ಪೂರ್ತಿ ಕೇಳಿದಳು. ಆಮೇಲೆ, "ಹಲ್ಲಿಂದು ಮೇಲಿನ ಗೂಡಲ್ಲಿ ಅದೆ. ನೀವು ತಿಕ್ಕಿದ್ದು ಪಾತ್ರೆದು" ಎಂದಳು.

ಅವರ ಮುಖ ನೋಡಿ ನಾನೇ ಕೇಳಿದೆ, ಎರಡಕ್ಕೂ ಏನು ವ್ಯತ್ಯಾಸ ಎಂದು.

"ಎಂತ ವ್ಯತ್ಯಾಸ? ಹಲ್ಲಿಂದಕ್ಕೆ ಚೂರು ಉಪ್ಪು ಹಾಕ್ತೆ, ಅಷ್ಟೇಯ."

ಚಿಕ್ಕಪ್ಪ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಊರಿಡೀ ಜನರನ್ನು ಸಂಭಾಳಿಸಿದವರಿಗೆ ಹೆಂಡತಿಯ ಕಡಲೆಹಿಟ್ಟಿನ ಸ್ನಾನ ಸಂಭಾಳಿಸಲಾಗಲಿಲ್ಲ. ಸ್ಕೂಟರಿನ ಸೀಟಿನ ಕೆಳಗೆ ಒಂದು ಗಂಧದ ಸೋಪು ಬಚ್ಚಿಟ್ಟುಕೊಂಡಿದ್ದರು. ಒಂದು ದಿನ ಊಟಕ್ಕೆ ಕುಳಿತಾಗ ಚಿಕ್ಕಮ್ಮ ಬಡಿಸುತ್ತಾ ಬಡಿಸುತ್ತಾ ಮೂಗು ಅರಳಿಸಿದಳು.

"ಎಂತದು, ಗಂಧದ ಪರಿಮಳ ಬತ್ತದೆ?"

"ದೇವಸ್ಥಾನಕ್ಕೆ ಹೋಗಿದ್ದೆ. ಭಟ್ರು ಗಂಧ ಕೊಟ್ರು."

"ಬೆನ್ನಿಗೂ ಹಚ್ಚಿ ಕಳಿಸಿದ್ರಾ?"

ಚಿಕ್ಕಪ್ಪ ಆ ದಿನ ಮಜ್ಜಿಗೆಗೆ ಅನ್ನ ಹಾಕಿಸಿಕೊಳ್ಳದೇ ಎದ್ದರು.

ಸಕ್ಕರೆಯೂ ಆ ಮನೆಯಿಂದ ಹೊರಗೆ ಹೋಗಿ ಎಷ್ಟೋ ಕಾಲವಾಗಿದೆ. ಚಾಕ್ಕೂ ಬೆಲ್ಲ, ಪಾಯಸಕ್ಕೂ ಬೆಲ್ಲ. ಸಕ್ಕರೆ ಎಂದಾಗ ನನಗೆ ಹೊನ್ನಾವರದ ನನ್ನ ಅಮ್ಮ ನೆನಪಾಗುತ್ತಾಳೆ. ಅಮ್ಮ ಚಿಕ್ಕಮ್ಮನ ಸ್ವಂತ ಅಕ್ಕ, ಆದರೆ ಗುಣದಲ್ಲಿ ಪೂರ್ತಿ ಬೇರೆ. ಅವಳ ಅಡುಗೆಮನೆಯಲ್ಲಿ ಸಾಸಿವೆ ಕೂಡ ತನ್ನ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಕಣ್ಣು ಕಟ್ಟಿ ಬಿಟ್ಟರೂ ಅಡುಗೆ ಮಾಡುತ್ತಿದ್ದಳು. ಅಂಥ ಅಮ್ಮನಿಗೆ, ಚಿಕ್ಕಮ್ಮ ಬಂದ ದಿನ ಮಾತ್ರ ಸಕ್ಕರೆ ಸಿಗುತ್ತಿರಲಿಲ್ಲ. "ಚಾ ಮಾಡ್ತೆ, ಈ ಸಕ್ಕರೆ ಎಲ್ಲಿಟ್ಟೆನೋ ಎಂತೋ" ಎಂದು ಒಳಗೆ ಹೋದರೆ ಡಬ್ಬ ಸದ್ದು ಮಾಡುತ್ತಲೇ ಇರುತ್ತಿದ್ದಳು. ಸಣ್ಣವಳಿದ್ದಾಗ ಒಂದು ಸಲ ನಾನೇ ಹೋಗಿ, "ಅಮ್ಮಾ, ಇಲ್ಲೇ ಕಣ್ಣೆದುರಿಗೆ ಇದೆಯಲ್ಲ" ಎಂದು ಡಬ್ಬ ತೆಗೆದುಕೊಟ್ಟೆ. ಶಹಬ್ಬಾಸ್ ಎನ್ನುವುದು ಬಿಟ್ಟು ಅಮ್ಮ ನನ್ನ ತಲೆಗೆ ಮೊಟಕಿದಳು. ಯಾಕೆ ಎಂದು ನನಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

ಇರಲಿ, ಕಳ್ಳತನಕ್ಕೆ ಬರೋಣ. ಕೇಳಿ ತಂದ ಗಿಡ ಬೇರು ಬಿಡುವುದಿಲ್ಲ, ಕದ್ದು ತಂದದ್ದೇ ಚಿಗುರುವುದು ಎಂದು ನಮ್ಮ ಕಡೆ ಬಹಳ ಹೆಂಗಸರು ನಂಬುತ್ತಾರೆ. ನಂಬುವವರು ಬೇರೆ, ಚಿಕ್ಕಮ್ಮ ಬೇರೆ. ಅವಳು ಅದನ್ನು ವ್ರತದ ಹಾಗೆ ಪಾಲಿಸುತ್ತಾಳೆ. ಪಕ್ಕದ ಮನೆಯ ಕೊಂಕಣಿಯವರಿಗೆ ಇದು ಚೆನ್ನಾಗಿ ಗೊತ್ತು. ಬೇಲಿಯ ಆಚೆಯಿಂದಲೇ ಕೂಗಿ ಹೇಳುತ್ತಾರೆ: "ನಾಳೆ ಬೆಳಿಗ್ಗೆ ನಾವು ಯಾರೂ ಮನೇಲಿಲ್ಲ ಹಾಂ. ಬಸಳೆ ಚಪ್ಪರದ ಹತ್ರ ನಾಯಿ ಕಟ್ಟೂದಿಲ್ಲ." ಹೀಗೆ ಹೊತ್ತು ಗೊತ್ತು ಮಾಡಿ ಕಳ್ಳರನ್ನು ಕರೆಯುವ ಊರು ಬೇರೆ ಎಲ್ಲಾದರೂ ಇದೆಯೇ?

ಒಮ್ಮೆ ಎಲ್ಲರೂ ಓಂ ಬೀಚಿಗೆ ಹೋಗಿದ್ದೆವು. ನಾವು ಸಮುದ್ರ ನೋಡಿದೆವು, ಚಿಕ್ಕಮ್ಮ ಗೆಸ್ಟ್ ಹೌಸಿನ ನಿಂಬೆ ವಾಸನೆಯ ಮಜ್ಜಿಗೆಹುಲ್ಲು ನೋಡಿದಳು. ಫೋಟೋ ತೆಗೆಯುವ ನೆಪದಲ್ಲಿ ಬಗ್ಗಿದ್ದೇ ತಡ, ಮ್ಯಾನೇಜರ್ ಬಂದುಬಿಟ್ಟ. ಒಳ್ಳೆಯ ಮನುಷ್ಯ. "ಬೇಕಾ ಅಮ್ಮ? ತಗೊಳ್ಳಿ" ಎಂದು ತಾನೇ ಒಂದು ಬುಡ ಕಿತ್ತು, ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟ. ಚಿಕ್ಕಮ್ಮನ ಮುಖ ಬಾಡಿಹೋಯಿತು.

"ಕೊಟ್ಟೇಬಿಟ್ನಲ್ಲೆ, ಮಾರಾಯ್ತಿ. ಇನ್ನು ಇದು ಹಿಡಿತದ್ಯಾ?"

ಹೊರಡುವಾಗ ಗೇಟಿನ ಬಳಿ ಅವಳು ಚಪ್ಪಲಿ ಸರಿಮಾಡಿಕೊಳ್ಳಲು ಹಿಂದುಳಿದಳು. ಕಾರಿನಲ್ಲಿ ನೋಡಿದರೆ ಕೈಯಲ್ಲಿ ಬೇರೊಂದು ಬುಡ. ಮ್ಯಾನೇಜರ್ ಕೊಟ್ಟದ್ದನ್ನು ಇದನ್ನು ಕಿತ್ತ ಹೊಂಡದಲ್ಲಿ ನೆಟ್ಟು, ನೀರಿನ ಬಾಟಲಿ ಖಾಲಿ ಮಾಡಿ ಬಂದಿದ್ದಳು.

ಇಷ್ಟೆಲ್ಲ ಹೇಳಿದ್ದು ನನ್ನ ಸಂಕಟ ನಿಮಗೆ ತಿಳಿಯಲಿ ಎಂದು. ಹೊನ್ನಾವರದ ನಮ್ಮ ಮನೆ ಹೆದ್ದಾರಿಗೆ ತಾಗಿಕೊಂಡೇ ಇತ್ತು. ಅಂಗಳದಲ್ಲಿ ಅಮ್ಮ ನೆಟ್ಟ ಬಿಳಿ ದಾಸವಾಳ. ಅದರ ಎಲೆಯನ್ನು ನೀರಿನಲ್ಲಿ ಕಿವುಚಿ, ಲೋಳೆಲೋಳೆಯಾದ ಗೊಂಪು ಮಾಡಿ, ಭಾನುವಾರ ನನ್ನ ತಲೆ ತಿಕ್ಕುತ್ತಿದ್ದಳು. ಕಣ್ಣಿಗೆ ಹೋಯಿತು ಎಂದು ನಾನು ಕಿರುಚುವುದು, ಹೋಗಿಲ್ಲ ಎಂದು ಅವಳು ಗದರುವುದು, ಪ್ರತಿ ವಾರ ಇದೇ. ಅಮ್ಮ ತೀರಿಹೋದ ವರ್ಷವೇ ರಸ್ತೆ ಅಗಲವಾಯಿತು. ವಿಷಯ ತಿಳಿದು ನಾನು ಓಡಿ ಹೋಗುವಷ್ಟರಲ್ಲಿ ಅಂಗಳದ ಜಾಗದಲ್ಲಿ ಜಲ್ಲಿ ಬಿದ್ದಿತ್ತು. ಗಿಡದ ಒಂದು ಕಡ್ಡಿಯೂ ನನಗೆ ಸಿಗಲಿಲ್ಲ.

ಮುಂದಿನ ಮಳೆಗಾಲದಲ್ಲಿ ಹೊಳನಗದ್ದೆಗೆ ಹೋದಾಗ ನೋಡುತ್ತೇನೆ, ಚಿಕ್ಕಮ್ಮನ ಬಾವಿಕಟ್ಟೆಯ ಹಿಂದೆ ಅದೇ ಬಿಳಿ ದಾಸವಾಳ! ಅದೇ ತೆಳು ಎಸಳು, ಅದೇ ಅಗಲದ ಎಲೆ. ನಮ್ಮ ಅಂಗಳದಲ್ಲೇ ಇದ್ದಾಗ ನಾನು ಅದನ್ನು ಇಲ್ಲಿ ಗಮನಿಸಿಯೇ ಇರಲಿಲ್ಲ. ಓಡಿಹೋಗಿ ಎಲೆ ಮುಟ್ಟಿದೆ. ಆಮೇಲೆ ಬಾಯಿಂದ ಹೊರಟದ್ದು ತಪ್ಪು ಮಾತು. "ಚಿಕ್ಕಮ್ಮಾ, ನನಗೊಂದು ಗೆಲ್ಲು ಕೊಡೇ, ಮನೇಲಿ ನೆಡ್ತೇನೆ" ಎಂದುಬಿಟ್ಟೆ.

"ಅದೊಂದು ಕೇಳ್ಬೇಡ, ಮಗಾ" ಎಂದು ಅವಳು ಹರಿವೆ ಸೊಪ್ಪು ಕೊಯ್ಯಲು ಹೋದಳು.

ನನಗೆ ಅರ್ಥವೇ ಆಗಲಿಲ್ಲ. ಈರುಳ್ಳಿಯ ಗೊಂಚಲು ಕೊಟ್ಟಳು, ಸೌತೆ ಕೊಟ್ಟಳು, ಬೇಡವೆಂದರೂ ಪಾತ್ರೆ ತಿಕ್ಕುವ ಪುಡಿ ಕೊಟ್ಟಳು. ಗೆಲ್ಲು ಮಾತ್ರ ಇಲ್ಲ. ಮುಂದಿನ ಸಲ ಇನ್ನೂ ವಿನಯದಿಂದ ಕೇಳಿದೆ. ಅವಳು ಕಿವಿ ಕೇಳದವಳ ಹಾಗೆ ಬಾವಿಗೆ ಕೊಡ ಇಳಿಸಿದಳು. ಅಮ್ಮ ಮತ್ತು ಅವಳ ನಡುವೆ ನನಗೆ ಗೊತ್ತಿಲ್ಲದ ಜಗಳವಿತ್ತೇ? ನನ್ನ ಕೈಯಲ್ಲಿ ಗಿಡ ಬದುಕುವುದಿಲ್ಲ ಎಂದೇ? ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತದ್ದೂ ಉಂಟು. ಭಟ್ಕಳದ ನರ್ಸರಿಯಿಂದ ಬಿಳಿ ದಾಸವಾಳವೆಂದು ಒಂದನ್ನು ತಂದೆ. ಅರಳಿದಾಗ ನಡುವೆ ಕೆಂಪು ಚುಕ್ಕೆ. ಚೆಂದದ ಹೂವೇ, ಆದರೆ ನನ್ನ ಅಮ್ಮನದಲ್ಲ.

"ಅಲ್ಲ, ಬಾವಿ ಹತ್ರ ಇದೆ, ಮುರ್ಕೊಂಡು ಬಂದ್ರಾಯ್ತಲ್ಲ" ಎಂದರು ನನ್ನ ಗಂಡ.

ಕೇಳದೆ ಹೇಗೆ ಮುರಿಯಲಿ? ಪಕ್ಕದವರ ಪೆನ್ಸಿಲನ್ನೂ ಕೇಳದೆ ಮುಟ್ಟಬಾರದು ಎಂದು ದಿನಾ ಮಕ್ಕಳಿಗೆ ಹೇಳುವ ಟೀಚರ್ ನಾನು. ಕಳ್ಳತನ ಚಿಕ್ಕಮ್ಮನ ವ್ರತ, ನನ್ನದಲ್ಲ. ಅದೂ ಅವಳು ಬೇಡ ಎಂದ ಮೇಲೆ!

ಕಳೆದ ಮಳೆಗಾಲದಲ್ಲಿ ಮತ್ತೆ ಹೋದೆ. ಈ ಸಲ ಕೊನೆಯದಾಗಿ ಕೇಳುವುದು, ಕೊಡದಿದ್ದರೆ ಇನ್ನು ಮಾತೇ ಎತ್ತುವುದಿಲ್ಲ ಎಂದು ತೀರ್ಮಾನಿಸಿದ್ದೆ. ಮಳೆ ಹೊಳವಾಗಿ ಬಿಸಿಲು ಬಿದ್ದಿತ್ತು. ಚಿಕ್ಕಮ್ಮ ದಾಸವಾಳದ ಬುಡದಲ್ಲಿ ಕಳೆ ತೆಗೆಯುತ್ತಿದ್ದಳು. ನಾನು "ಚಿಕ್ಕಮ್ಮಾ, ಒಂದು..." ಎಂದು ಬಾಯಿ ತೆರೆಯುವುದಕ್ಕೂ ಅವಳು ದಡಬಡಿಸಿ ಏಳುವುದಕ್ಕೂ ಸರಿಹೋಯಿತು. ಕತ್ತಿಯನ್ನು ಬಾವಿಕಟ್ಟೆಯ ಮೇಲಿಟ್ಟಳು.

"ನೀ ಇಲ್ಲೇ ಇರು. ಚಾ ಮಾಡ್ಕಂಡು ಬತ್ತೆ. ಸಕ್ಕರೆ ಹುಡುಕೂಕೆ ಚೂರು ಹೊತ್ತು ಹಿಡಿತದೆ."

"ನಿಮ್ಮನೇಲಿ ಸಕ್ಕರೆ ಎಲ್ಲಿದೆ, ಚಿಕ್ಕಮ್ಮ?"

"ಹಂಗಾರೆ ಇನ್ನೂ ಹೊತ್ತು ಹಿಡಿತದೆ" ಎಂದು ಅವಳು ತಿರುಗಿ ನೋಡದೆ ಒಳಗೆ ಹೋದಳು.

ನಾನು ಪೆದ್ದಿಯ ಹಾಗೆ ನಿಂತೇ ಇದ್ದೆ. ಸಕ್ಕರೆಯೇ ಇಲ್ಲದ ಮನೆಯಲ್ಲಿ ಇವಳು ಏನು ಹುಡುಕುತ್ತಾಳೆ? ಅಷ್ಟರಲ್ಲಿ ಅಡುಗೆಮನೆಯಿಂದ ಡಬ್ಬಗಳ ಸದ್ದು ಶುರುವಾಯಿತು. ಒಂದು ಡಬ್ಬ, ಇನ್ನೊಂದು ಡಬ್ಬ, ಮುಚ್ಚಳ ಬಿದ್ದ ಸದ್ದು. ಹೊನ್ನಾವರದ ಅಡುಗೆಮನೆಯಲ್ಲಿ ನನ್ನ ಅಮ್ಮ ಮಾಡುತ್ತಿದ್ದ ಅದೇ ಸದ್ದು. ಆಗ ಅಂಗಳದಲ್ಲಿ ಅವಳ ಈ ತಂಗಿ ಒಬ್ಬಳೇ ಇರುತ್ತಿದ್ದಳು, ದಾಸವಾಳದ ಗಿಡದ ಪಕ್ಕದಲ್ಲಿ. ತಂಗಿಯ ಕೈಯಲ್ಲಿ ಗಿಡ ಬದುಕಲಿ ಎಂದು ಅಕ್ಕ ಒಳಗೆ ಸಕ್ಕರೆ ಹುಡುಕುತ್ತಿದ್ದಳು. ನಾನು ಡಬ್ಬ ತೆಗೆದುಕೊಟ್ಟು ಆಟ ಕೆಡಿಸಿದ್ದೆ.

ಅಮ್ಮನನ್ನು ಕಳೆದುಕೊಂಡವಳು ನಾನೊಬ್ಬಳೇ ಎಂದುಕೊಂಡಿದ್ದೆ. ಚಿಕ್ಕಮ್ಮನಿಗೆ ಕದಿಯಲು ಇದ್ದ ಅಕ್ಕನ ಮನೆಯೂ ಹೋಗಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. ಕಣ್ಣು ಮಂಜಾಗಿ ಗೆಲ್ಲು ಯಾವುದು, ಬೆರಳು ಯಾವುದು ಕಾಣಲಿಲ್ಲ. ಹೇಗೋ ಕತ್ತಿ ತೆಗೆದುಕೊಂಡು ಒಂದು ಗೆಲ್ಲು ಕೊಯ್ದು ಚೀಲಕ್ಕೆ ತುರುಕಿದೆ. ತುದಿ ಮಾತ್ರ ಹೊರಗೇ ಉಳಿಯಿತು.

ಚಿಕ್ಕಮ್ಮ ಚಾ ತಂದಳು. ಚೀಲ ನೋಡಿದಳು. ನೋಡದವಳ ಹಾಗೆ ಗದ್ದೆಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಸಕ್ಕರೆ ಸಿಗ್ಲಿಲ್ಲೆ ಮಗಾ. ಬೆಲ್ಲವೇ ಹಾಕಿದ್ದೆ" ಎಂದಳು.

ಥ್ಯಾಂಕ್ಸ್ ಎನ್ನಲು ಹೊರಟಿದ್ದೆ. ಗಿಡಕ್ಕೆ ಕೇಡಾದೀತೆಂದು ಬಾಯಿ ಮುಚ್ಚಿ ಚಾ ಕುಡಿದೆ.

ಗೆಲ್ಲು ಭಟ್ಕಳದಲ್ಲಿ ಬೇರು ಬಿಟ್ಟಿದೆ, ಎಲೆ ನನ್ನ ಅಂಗೈಯಷ್ಟಾಗಿದೆ. ಮೊನ್ನೆ ಚಿಕ್ಕಮ್ಮ ನಮ್ಮ ಮನೆಗೆ ಬಂದಿದ್ದಳು. ಅಂಗಳದಲ್ಲಿ ನಿಂತು, ನಡುವೆ ಕೆಂಪು ಚುಕ್ಕೆಯಿರುವ ನರ್ಸರಿಯ ದಾಸವಾಳವನ್ನು ಬಹಳ ಹೊತ್ತು ನೋಡಿದಳು. ಚಾ ಮಾಡುತ್ತೇನೆಂದು ನಾನು ಒಳಗೆ ಬಂದೆ. ಸಕ್ಕರೆಯ ಡಬ್ಬ ನನ್ನ ಕಣ್ಣೆದುರಿಗೇ ಇತ್ತು. ನಾನು ಅದನ್ನು ಬಿಟ್ಟು ಉಳಿದ ಎಲ್ಲ ಡಬ್ಬಗಳನ್ನೂ ತೆಗೆದು ನೋಡಿದೆ.