ಎರಡು ಅಳತೆಯ ಗಾರ್ಡ್ ಡಬ್ಬಿ

ತಪ್ಪಾಯಿತು ಎನ್ನುವುದಕ್ಕೆ ಬಾಯೊಂದಿದ್ದರೆ ಸಾಕು ಎಂದು ತಿಳಿದವರು ಹೇಳುತ್ತಾರೆ. ನನಗೆ ಬಾಯಿ ಸಾಲಲಿಲ್ಲ. ಸಾಗವಾನಿ ಹಲಗೆ, ಎಣ್ಣೆ ಡಬ್ಬಿಯ ತಗಡು, ಕೆಟ್ಟ ಮೋಟಾರಿನ ನಾಲ್ಕು ಬೇರಿಂಗು, ಮುರಿದ ಛತ್ರಿಯ ಕಡ್ಡಿ, ಅರ್ಧ ಪಾವು ಸಾಸಿವೆ, ಮೇಲೆ ಏಳು ತಿಂಗಳು, ಇಷ್ಟೆಲ್ಲ ಬೇಕಾಯಿತು. "ಆ ಒಂದ್ ಮಾತು ಬಸ್ಸಿನ್ಯಾಗ ಒಯ್ಯಾಕ ಇದಕ್ಕಿಂತ ಹಗುರ ಇತ್ರಿ" ಎಂದು ನನ್ನ ಹೆಂಡತಿ ನೀಲಮ್ಮ ಮೊದಲೇ ಹೇಳಿದ್ದಳು. ಹಗುರಾದದ್ದನ್ನು ಎತ್ತುವುದು ನನಗೆ ಯಾವಾಗಲೂ ಕಷ್ಟ.

ನಾನು ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತ ಭೀಮರಾಯನಗುಡಿ ಕ್ಯಾಂಪಿನಲ್ಲಿಯೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಆದರೆ ಹುಟ್ಟಿ ಬೆಳೆದದ್ದು ಯಾದಗಿರಿ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಹಿಂದೆ. ಎಣಿಕೆ ಕಲಿತದ್ದೇ ಗೂಡ್ಸ್ ಡಬ್ಬಿಗಳನ್ನು ನೋಡಿ. ನಲವತ್ತೈವತ್ತು ಡಬ್ಬಿ ದಾಟುವಷ್ಟರಲ್ಲಿ ಅವ್ವ ಉಣ್ಣಲು ಕರೆಯುತ್ತಿದ್ದಳಾದ್ದರಿಂದ ಐವತ್ತರ ಮೇಲಿನ ಲೆಕ್ಕದಲ್ಲಿ ಇವತ್ತಿಗೂ ನಾನು ಸ್ವಲ್ಪ ಕಚ್ಚಾ. ನೌಕರಿ ಸಿಕ್ಕಿದ ಶಹಾಪುರ ಸೀಮೆಯಲ್ಲಿ ನೀರು ಬಂತು, ಭತ್ತ ಬಂತು, ಟ್ರ್ಯಾಕ್ಟರ್ ಬಂತು, ರೈಲು ಮಾತ್ರ ಬರಲಿಲ್ಲ. ಹಾಗಾಗಿ ನಿವೃತ್ತನಾದ ಮೇಲೆ ರೈಲನ್ನು ನಾನೇ ಮಾಡತೊಡಗಿದೆ. ಎಂಜಿನ್ ಅಲ್ಲ. ಎಂಜಿನ್ನಿಗೆ ಬಹಳ ಗತ್ತು. ನಾನು ಮಾಡುವುದು ಗೂಡ್ಸ್ ಡಬ್ಬಿ, ನಿಜವಾದದ್ದರ ಇಪ್ಪತ್ತರಲ್ಲಿ ಒಂದು ಪಾಲು, ಒಂದೊಂದೂ ಎರಡು ಗೇಣು ಉದ್ದ. ನಿಮ್ಮ ಗಾಡಿ ಎಲ್ಲಿಗೆ ಹೋಗುತ್ತದೆ ಎಂದು ನೆರೆಯವರು ಕೇಳಿದರೆ, ಮಂಚದ ಕೆಳಗೆ ಎಂದು ನೀಲಮ್ಮ ಉತ್ತರ ಕೊಡುತ್ತಾಳೆ.

ಅಂಗಡಿಯಲ್ಲಿ ಸಿಗುವ ರೈಲೆಲ್ಲ ಬೆರಳುದ್ದದ ಆಟಿಕೆ. ನನ್ನ ಅಳತೆಯ ಡಬ್ಬಿಗೆ ಯಾವ ಊರಲ್ಲೂ ಸಾಮಾನು ಸಿಗುವುದಿಲ್ಲ, ಬೇರೆ ಯಾವುದರದ್ದೋ ಸಾಮಾನನ್ನು ಒಲಿಸಿಕೊಳ್ಳಬೇಕು. ಗಾಲಿಗಾಗಿ ಹುಣಸಗಿಯ ಮೋಟಾರ್ ರಿಪೇರಿ ಅಂಗಡಿಗೆ ಹೋದೆ. ಎಷ್ಟು ಎಚ್.ಪಿ. ಪಂಪಿಗೆ ಬೇಕು ಎಂದು ಆತ ಕೇಳಿದ. ಪಂಪಿಗಲ್ಲ, ರೈಲಿಗೆ ಎಂದೆ. ಆತ ನನ್ನನ್ನು ಬಿಟ್ಟು ಜೊತೆಗಿದ್ದ ನೀಲಮ್ಮನ ಮುಖ ನೋಡಿ, ಬೇರಿಂಗುಗಳನ್ನು ಸುಮ್ಮನೆ ಕೊಟ್ಟುಬಿಟ್ಟ. ಅವಕ್ಕೆ ರೈಲುಗಾಲಿಯಂತೆ ಒಳಬದಿಗೆ ಅಂಚು ಕೂಡಿಸಿಕೊಟ್ಟದ್ದು ಶಹಾಪುರದ ಲೇತ್ ಅಂಗಡಿಯವನು. ಡಬ್ಬಿಯ ಮೈಮೇಲಿನ ಮೊಳೆತಲೆಗಳ ಸಾಲಿಗೆ ಸಾಸಿವೆ ಕಾಳುಗಳನ್ನು ಅಂಟಿಸುತ್ತೇನೆ, ಮೇಲೆ ಬಣ್ಣ ಹೊಡೆದರೆ ಕಬ್ಬಿಣವೇ. ಒಮ್ಮೆ ಬಣ್ಣಕ್ಕೆ ಮುಂಚೆ ಇಲಿ ಬಂದು ಒಂದು ಬದಿಯ ಮೊಳೆಗಳನ್ನೆಲ್ಲ ತಿಂದು ಹೋಯಿತು. ಒಗ್ಗರಣೆಗೆಂದು ತಂದ ಸಾಸಿವೆ ಯಾರಾದರೊಬ್ಬರ ಹೊಟ್ಟೆಗೆ ಸೇರಿತಲ್ಲ ಎಂದು ನೀಲಮ್ಮ ಸಮಾಧಾನಪಟ್ಟಳು.

ಇನ್ನು ಆ ತಪ್ಪಿನ ವಿಚಾರ. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎನ್ನುತ್ತೇವೆ. ನಮ್ಮ ಮಾಮಾ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಒಂದು ಕಂದೀಲು, ಎರಡು ಝಂಡಾ, ಒಂದು ಬುತ್ತಿ ಇಟ್ಟುಕೊಂಡು ಒಬ್ಬರೇ ಕೂತು ನೌಕರಿ ಮುಗಿಸಿದರು. ಮೇಲ್ ಗಾಡಿ ಬಂದರೂ ದಾರಿ ಬಿಡಲು ಗೂಡ್ಸ್ ಸೈಡಿಗೆ, ಪ್ಯಾಸೆಂಜರ್ ಬಂದರೂ ಗೂಡ್ಸ್ ಸೈಡಿಗೆ. ಹೀಗಾಗಿ ಬಸುರಿಯ ಕುಬಸಕ್ಕೂ ಕೂಸಿನ ತೊಟ್ಟಿಲಿಗೂ ಸತ್ತವರ ಮಣ್ಣಿಗೂ ಅವರು ತಡವಾಗಿಯೇ ಬರುತ್ತಿದ್ದರು. ನನ್ನ ಮಗಳ ಮದುವೆಗೂ ಅಕ್ಕಿಕಾಳು ಬಿದ್ದ ಮೇಲೆ, ಡ್ಯೂಟಿಯ ಬಟ್ಟೆಯಲ್ಲೇ, ಕೈಯಲ್ಲಿ ತಗಡಿನ ಪೆಟ್ಟಿಗೆ ಹಿಡಿದು ಓಡಿ ಬಂದರು. ಚಪ್ಪರದ ಬಾಗಿಲಲ್ಲಿ ನಿಂತಿದ್ದ ನಾನು ಬೀಗರ ಮುಂದೆ ಜೋರಾಗಿ, "ಗೂಡ್ಸ್ ಬಂತು, ಸೈಡಿಗೆ ಹಾಕ್ರಿ" ಅಂದೆ. ಚಪ್ಪರವೆಲ್ಲ ನಕ್ಕಿತು. ಮಾಮಾ ಕೂಡ ನಕ್ಕರು. ಮದುಮಗಳ ಕೈಗೆ ಸೀರೆ ಕೊಟ್ಟು, ತಲೆ ಸವರಿ, ಉಣ್ಣದೆ ಹೊರಟುಹೋದರು.

ಮದುವೆ ಮನೆಯಿಂದ ಉಣ್ಣದೆ ಹೋಗುವುದು ನಮ್ಮಲ್ಲಿ ಸಣ್ಣ ಮಾತಲ್ಲ. ನಾನು ಆಡಿದ್ದು ಮೂರು ನಾಲ್ಕು ಶಬ್ದ, ಅವರು ಬಿಟ್ಟದ್ದು ಇಡೀ ಊಟ, ಹಾಗಾದರೆ ತಪ್ಪು ಯಾರದು ಎಂದು ಸಿಕ್ಕಸಿಕ್ಕವರಿಗೆ ಹೇಳುತ್ತ ಬಂದೆ. ಹೇಳುವಾಗ ಕಥೆಯನ್ನು ಅವರು ಉಣ್ಣದೆ ಹೋದಲ್ಲಿಂದಲೇ ಶುರು ಮಾಡುತ್ತಿದ್ದೆ, ಅದಕ್ಕೆ ಹಿಂದಿನದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಕ್ಕ ಬಂದು ಹೋಗುತ್ತಿದ್ದಳು. ನಾವಿಬ್ಬರು ಗಂಡಸರು ಮಾತ್ರ ಹನ್ನೊಂದು ವರ್ಷ ಒಬ್ಬರ ಹೊಸ್ತಿಲು ಒಬ್ಬರು ತುಳಿಯಲಿಲ್ಲ. ಆಮೇಲೊಂದು ದಿನ ಅಕ್ಕ ಫೋನ್ ಮಾಡಿ, ಮಾಮಾನಿಗೆ ಎರಡೂ ಕಣ್ಣು ಕಾಣದಂತಾಗಿವೆ ಎಂದಳು. ಯಾದಗಿರಿಯಲ್ಲಿ ಹಳಿ ಪಕ್ಕದ ಮನೆಯ ಬಾಗಿಲ ಬಳಿ ಮಂಚ ಹಾಕಿಸಿಕೊಂಡು ಕೂತು, ಗೂಡ್ಸ್ ಹೋಗುವ ಸಪ್ಪಳ ಕೇಳಿಯೇ ಡಬ್ಬಿ ಎಣಿಸುತ್ತಾರಂತೆ. ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಹೋಗಿ ಕಾಲು ಹಿಡಿಯಬೇಕಿತ್ತು. ಬದಲಿಗೆ, ಅವರು ಕೂತ ಆ ಕಟ್ಟಕಡೆಯ ಗಾರ್ಡ್ ಡಬ್ಬಿಯನ್ನು ಮಾಡಿ ಅವರ ಕೈಗಿಡುತ್ತೇನೆ ಎಂದು ನಿಶ್ಚಯ ಮಾಡಿದೆ.

ಅಲ್ಲಿಯವರೆಗಿನ ಡಬ್ಬಿಗಳನ್ನು ಕಣ್ಣಂದಾಜಿನಿಂದ ಮಾಡಿದ್ದೆ, ಒಂದಿಷ್ಟು ಸೊಟ್ಟಗಿದ್ದರೂ ಡಬ್ಬಿಗಳಂತೆಯೇ ಇದ್ದವು. ಇದಕ್ಕೆ ಮಾತ್ರ ಕಚೇರಿಯ ಶಿಸ್ತಿನಿಂದ ನಕ್ಷೆ ಬರೆದೆ. ಬದಿಗೊಂದು, ಮುಖಕ್ಕೊಂದು ಹಾಳೆ ಮಾಡಿ ಸುರಪುರದ ರಂಗಂಪೇಟೆಯ ಬಡಿಗೇರನಿಗೆ ಕೊಟ್ಟು, ನಾನು ಗಾಲಿಯ ಬೆನ್ನು ಹತ್ತಿದೆ. ಹಲಗೆಗಳು ಬಂದ ದಿನ ಕಟ್ಟೆಯ ಮೇಲೆ ಕೂಡಿಸಿ ನೋಡುತ್ತೇನೆ, ಎರಡು ಗೇಣು ಉದ್ದದ ಡಬ್ಬಿ ಹೆಚ್ಚುಕಡಿಮೆ ಅಷ್ಟೇ ಎತ್ತರ ನಿಂತಿದೆ! ಇದರೊಳಗೆ ದೇವರನ್ನು ಕೂಡಿಸುತ್ತೀರೋ ಎಂದು ನೀಲಮ್ಮ ಕೇಳಿದಳು. ಬಡಿಗೇರನಿಗೆ ಫೋನಿನಲ್ಲಿ ಜೋರು ಮಾಡಿದೆ. "ನಕ್ಷಿದಾಗ ಹೆಂಗ ಐತಿ ಹಂಗ ಕೊಯ್ದೀನ್ರಿ. ನನಗೂ ಡೌಟ್ ಬಂತು, ಆದ್ರ ನೀವು ಸರಕಾರಿ ನಕ್ಷಿ ಬರದವ್ರು" ಎಂದ. ಹಾಳೆ ತೆಗೆದು ನೋಡಿದೆ. ಮೂಲೆಯಲ್ಲಿ ನನ್ನ ಮುತ್ತಿನಂಥ ಅಕ್ಷರದಲ್ಲಿ, ಉದ್ದಕ್ಕೆ ಇಪ್ಪತ್ತರಲ್ಲಿ ಒಂದು, ಎತ್ತರಕ್ಕೆ ಹತ್ತರಲ್ಲಿ ಒಂದು ಎಂದು ಬರೆದಿತ್ತು.

ಕಾಲುವೆಯ ನಕ್ಷೆಗೆ ಅದೇ ರೂಢಿ. ನಮ್ಮ ನೆಲ ಎಷ್ಟು ಸಪಾಟೆಂದರೆ ಮೈಲಿಗೆ ಒಂದೆರಡು ಗೇಣು ಇಳಿಜಾರು ಸಿಕ್ಕರೆ ಹೆಚ್ಚು. ಇದ್ದದ್ದನ್ನು ಇದ್ದಂತೆ ಬರೆದರೆ ಹಾಳೆಯ ಮೇಲೆ ಬರೀ ಒಂದು ಗೆರೆ. ಅದಕ್ಕೇ ಉದ್ದವನ್ನು ಕುಗ್ಗಿಸಿ, ಎತ್ತರವನ್ನು ಹಿಗ್ಗಿಸಿ ಬರೆಯುತ್ತೇವೆ. ಜೀವಮಾನವೆಲ್ಲ ಹೀಗೆ ಬರೆದ ಕೈ, ರೈಲಿಗೂ ಅದನ್ನೇ ಮಾಡಿತ್ತು. ಹೊಸದಾಗಿ ಮಾಡೋಣವೆಂದರೆ ಅಷ್ಟರಲ್ಲಿ ಮತ್ತೆ ಅಕ್ಕನ ಫೋನು. ಸೋಮವಾರ ಮಾಮಾನನ್ನು ಕಣ್ಣಿನ ಆಪರೇಷನ್ನಿಗೆ ಹೈದರಾಬಾದಿಗೆ ಕರೆದೊಯ್ಯುತ್ತಾರೆ, ಬರುವುದಿದ್ದರೆ ಅದಕ್ಕೆ ಮೊದಲು ಬಾ ಎಂದಳು. ಆಗ ನನ್ನ ಮನಸ್ಸಿನಲ್ಲಿ ಬಂದ ವಿಚಾರವನ್ನು ನಾಚಿಕೆ ಬಿಟ್ಟು ಹೇಳುತ್ತೇನೆ: ಹೇಗೂ ಅವರಿಗೆ ಕಣ್ಣು ಕಾಣುವುದಿಲ್ಲ, ಎತ್ತರ ಯಾರಿಗೆ ತಿಳಿಯುತ್ತದೆ.

ನೀಲಮ್ಮ ಬರಲಿಲ್ಲ. ಜಗಳ ಮಾಡಿದವರೇ ಹೋಗಬೇಕೆಂದಳು. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಂಡಕ್ಟರ್ ಕೋಳಿಗೂಡೇ ಎಂದು ಕೇಳಿದ. ಪಕ್ಕದಲ್ಲಿದ್ದ ಕೃಷಿ ಕಾಲೇಜಿನ ಹುಡುಗಿ, ಅಲ್ಲ, ಜೇನುಪೆಟ್ಟಿಗೆ ಎಂದಳು. ರೈಲು ಎಂದೆ ನಾನು. ಬಸ್ಸಿನಲ್ಲಿ ರೈಲು ಒಯ್ಯುವವರನ್ನು ಇದೇ ಮೊದಲು ನೋಡಿದ್ದು ಎಂದು ಕಂಡಕ್ಟರ್ ಹಿಂದಿನ ಸೀಟಿನವರೆಗೂ ಹೇಳಿಕೊಂಡು ಹೋದ. ಭೀಮಾ ನದಿಯ ಸೇತುವೆ ಮೇಲೆ ತಪ್ಪಾಯಿತು ಎಂಬ ಆ ಒಂದು ಮಾತನ್ನು ಬಾಯೊಳಗೇ ನಾಲ್ಕು ಸಲ ಆಡಿ ನೋಡಿದೆ, ಸಲೀಸಾಗಿ ಬಂತು. ಯಾದಗಿರಿಯಲ್ಲಿ ಇಳಿದ ಮೇಲೆ ಬರಲಿಲ್ಲ.

ಮಾಮಾ ಮಂಚದ ಮೇಲಿದ್ದರು. ಬಹಳ ಇಳಿದುಹೋಗಿದ್ದರು. ಶರಣಪ್ಪ ಬಂದಾನ ಎಂದು ಅಕ್ಕ ಹೇಳಿದಾಗ ಹೂಂ ಅಂದರು, ಅಷ್ಟೇ. ನಾನು ಡಬ್ಬಿಯನ್ನು ಅವರ ತೊಡೆಯ ಮೇಲಿಟ್ಟೆ. ಮೊದಲು ಗಾಲಿ ಸಿಕ್ಕಿತು. ಬೆರಳಿನಿಂದ ತಿರುಗಿಸಿ, ಕಿವಿ ಹತ್ತಿರ ತಂದು ಕೇಳಿದರು. ಸಾಸಿವೆಯ ಮೊಳೆಗಳ ಮೇಲೆ ಬೆರಳಾಡಿಸಿ, ಸಾಲು ಸರಿ ಐತಿ ಎಂದರು. ಗಾರ್ಡ್ ನಿಲ್ಲುವ ಜಾಗದ ಛತ್ರಿಕಡ್ಡಿಯ ಕಟಾಂಜನ ಸಿಕ್ಕಾಗ ಮುಖ ಬೆಳಗಿತು. ಆಮೇಲೆ ಕೈ ಮೇಲೇರತೊಡಗಿತು. ಏರಿತು, ಇನ್ನೂ ಏರಿತು. ಉದ್ದವನ್ನು ಗೇಣು ಹಾಕಿ ನೋಡಿದರು, ಎತ್ತರವನ್ನು ಗೇಣು ಹಾಕಿ ನೋಡಿದರು.

"ಶರಣಪ್ಪ, ನನಗ ಕಣ್ಣು ಕಾಣಂಗಿಲ್ಲ ಅಂತ ಹಿಂಗ ಮಾಡಿದಿ ಏನು?"

ಕಾಲುವೆ, ಇಳಿಜಾರು, ಎರಡು ಅಳತೆ ಎಂದು ಗಡಿಬಿಡಿಯಲ್ಲಿ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, ಗೇಣು ಇದ್ದದ್ದನ್ನು ಗುಡ್ಡ ಮಾಡಿ ತೋರಿಸುವುದಕ್ಕೂ ಸರಕಾರ ಪಗಾರ ಕೊಡುತ್ತದೆ ಎನ್ನು ಎಂದರು. ಅಕ್ಕ ಡಬ್ಬಿಯನ್ನು ಗೋಡೆಯೊಳಗಿನ ಮಾಡಿನಲ್ಲಿಡಲು ಹೋದಳು, ಎತ್ತರಕ್ಕೆ ಹಿಡಿಸಲಿಲ್ಲ. ಎಲ್ಲಿಡಲಿ ಎಂದು ಕೇಳಿದಳು. ಮಾಮಾ ಬಾಗಿಲಲ್ಲಿ ನಿಂತಿದ್ದ ನೆರೆಮನೆಯವರಿಗೂ ಕೇಳುವಂತೆ, "ಗೂಡ್ಸ್ ಬಂತು, ಸೈಡಿಗೆ ಹಾಕ್ರಿ" ಅಂದರು.

ಅಕ್ಕ ನಕ್ಕಳು, ನೆರೆಮನೆಯವರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಎದೆಯಲ್ಲಿ ಚುರ್ ಎಂದಿತು. ಏಳು ತಿಂಗಳು ದುಡಿದು ಹೊತ್ತು ತಂದವನಿಗೆ ಈ ಮಾತೇ ಎಂದು ಚೀಲ ಹಿಡಿದು ಎದ್ದುಬಿಟ್ಟೆ. ಒಳಗಿನಿಂದ ರೊಟ್ಟಿ ಬೇಯುವ ವಾಸನೆ ಬರುತ್ತಿತ್ತು, ಉಣ್ಣದೆ ಹೋಗುವುದೇ ಸರಿ ಎನ್ನಿಸಿತು. ಚಪ್ಪಲಿಗೆ ಕಾಲಿಟ್ಟ ಸಪ್ಪಳ ಮಾಮಾನಿಗೆ ಕೇಳಿಸಿರಬೇಕು.

"ಮಾತು ನಟ್ಟಿತೇನು?" ಎಂದರು.

"ನಟ್ಟಿತ್ರಿ."

"ಹನ್ನೊಂದು ವರ್ಷ ಆತು, ನನಗ ಇನ್ನೂ ನಟ್ಟೇ ಐತಿ."

"ತಪ್ಪಾತ್ರಿ, ಮಾಮಾ."

"ಬಾ, ಉಣ್ಣಾಕ ಕುಂದ್ರು" ಎಂದು ಮಂಚದ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು. ಅಷ್ಟೇ ನಡೆದದ್ದು. ಇಬ್ಬರೂ ಪುಂಡಿಪಲ್ಯ ಹಚ್ಚಿಕೊಂಡು ಎರಡೆರಡು ರೊಟ್ಟಿ ತಿಂದೆವು. ಉಣ್ಣುವಾಗ ಒಂದು ಗೂಡ್ಸ್ ಹೋಯಿತು, ಅದು ಮುಗಿಯುವವರೆಗೆ ಮಾಮಾ ತುತ್ತು ಕೈಯಲ್ಲೇ ಹಿಡಿದಿದ್ದರು.

ಸಂಜೆ ಮನೆಗೆ ಬಂದು ನೀಲಮ್ಮನಿಗೆ ಎಲ್ಲ ಹೇಳಿದೆ. ಹೊಸ್ತಿಲಲ್ಲೇ ಅವರ ಕಾಲಿಗೆ ಬಿದ್ದದ್ದು, ಇಬ್ಬರೂ ತಬ್ಬಿಕೊಂಡು ಅತ್ತದ್ದು, ಓಣಿಯವರೆಲ್ಲ ನೆರೆದು ಕಣ್ಣೊರೆಸಿಕೊಂಡದ್ದು, ಅಕ್ಕ ಒತ್ತಾಯ ಮಾಡಿ ಐದು ರೊಟ್ಟಿ ಬಡಿಸಿದ್ದು. ನೀಲಮ್ಮ ಸೊಪ್ಪು ಸೋಸುತ್ತ ಕೇಳಿಸಿಕೊಂಡಳು.

"ಇದಕ್ಕ ಎತ್ತರದ ಅಳತಿ ಎಷ್ಟು ಹಿಡದೀರಿ?" ಎಂದಳು.

ಮೂರು ರೊಟ್ಟಿ ಕಡಿಮೆ ಮಾಡಿಕೊಂಡು, ಓಣಿಯವರನ್ನೆಲ್ಲ ಅವರವರ ಮನೆಗೆ ಕಳಿಸಿ, ಕಥೆಯನ್ನು ಮತ್ತೆ ಹೇಳಿದೆ. ಈ ಸಲ ಮದುವೆ ಚಪ್ಪರದ ಬಾಗಿಲಲ್ಲಿ ನಾನು ಆಡಿದ ಮಾತಿನಿಂದಲೇ ಶುರು ಮಾಡಿದೆ.